ಪಾರ್ಟ್ ಇನ್ನೂ ಬಂದಿಲ್ಲ

‘ಗೌರವಾನ್ವಿತ ಗ್ರಾಹಕರೇ’ ಎಂದು ಶುರುವಾಗುವ ಕಾಗದ ಕಂಡರೆ ಸಾಕು, ಉಳಿದದ್ದನ್ನು ಅವನು ಓದದೆಯೇ ಒಪ್ಪಿಸುತ್ತಿದ್ದ. ಹದಿನಾಲ್ಕು ತಿಂಗಳಲ್ಲಿ ಅಂಥವು ನಾಲ್ಕು ಬಂದಿದ್ದವು. ನಾಲ್ಕರಲ್ಲೂ ಅದೇ ರಾಗ: ತಮ್ಮ ಕಾರಿನ ಹೆಡ್‌ಲೈಟಿಗೆ ಕರೆಂಟು ಹಂಚುವ ಡಬ್ಬಿಯಲ್ಲಿ ದೋಷವಿರುವ ಸಾಧ್ಯತೆ ಕಂಡುಬಂದಿದೆ, ಗಾಡಿ ಓಡುತ್ತಿರುವಾಗಲೇ ಎರಡೂ ದೀಪ ಆರಿಹೋಗಬಹುದು, ತಮ್ಮ ಸುರಕ್ಷತೆಯೇ ನಮಗೆ ಮುಖ್ಯ, ಆದ್ದರಿಂದ ಈ ಗಾಡಿಗಳನ್ನು ರೀಕಾಲ್ ಮಾಡುತ್ತಿದ್ದೇವೆ, ಡಬ್ಬಿಯನ್ನು ಉಚಿತವಾಗಿ ಬದಲಾಯಿಸಿಕೊಡುತ್ತೇವೆ, ಬಿಡಿಭಾಗ ಬಂದ ಕೂಡಲೇ ತಿಳಿಸುತ್ತೇವೆ, ಅಲ್ಲಿಯವರೆಗೆ ಕತ್ತಲಲ್ಲಿ ಗಾಡಿ ಓಡಿಸುವುದನ್ನು ದಯವಿಟ್ಟು ತಪ್ಪಿಸಿ. ಕತ್ತಲಲ್ಲಿ ಓಡಿಸಬೇಡಿ! ಹಾಗಾದರೆ ಹೆಡ್‌ಲೈಟ್ ಇಟ್ಟಿರುವುದು ಯಾವ ಸುಖಕ್ಕೆ, ಮಟಮಟ ಮಧ್ಯಾಹ್ನ ಹಚ್ಚಿಕೊಂಡು ಮೆರವಣಿಗೆ ಹೋಗುವುದಕ್ಕಾ? ಥೂ. ನಾಲ್ಕೂ ಕಾಗದವನ್ನು ಅವನು ಹರಿದು ಬಿಸಾಡದೆ ನೀಟಾಗಿ ಮಡಿಸಿ ಫೈಲಿಗೆ ಸೇರಿಸಿದ್ದ.

ಅವನು ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ತಪಾಸಣೆಗಾರ. ಬಿಳಿ ಬೆಳಕಿನ ಪರದೆಯೊಂದರ ಮುಂದೆ ಕೂತು, ಸಾಲಾಗಿ ಸಾಗಿಬರುವ ಬಾಟಲಿಗಳಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಹೆಕ್ಕಿ ಬುಟ್ಟಿಗೆ ಹಾಕುವುದು ಅವನ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಅವನು ಪಾಸು ಮಾಡಿದ ಒಂದೇ ಒಂದು ಬಾಟಲಿ ವಾಪಸ್ ಬಂದದ್ದಿಲ್ಲ. ಜೊತೆಯವರು ಅವನಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಹಂಗಿಸುವುದಕ್ಕೆ ಇಟ್ಟದ್ದು, ಆದರೆ ಅವನ ಕಿವಿಗೆ ಬಿರುದಿನ ಹಾಗೆ ಕೇಳುತ್ತಿತ್ತು. ತಪ್ಪು ಯಾರಿಂದಲೂ ಆಗುತ್ತದೆ, ಅದನ್ನು ಅವನು ಒಪ್ಪುತ್ತಿದ್ದ. ತಪ್ಪಾಗಿದೆ ಎಂದು ನುಣುಪು ಕಾಗದದ ಮೇಲೆ ಅಚ್ಚು ಹಾಕಿಸಿ ಕಳಿಸಿ, ಆಮೇಲೆ ಕಾಲು ಚಾಚಿ ಮಲಗುತ್ತಾರಲ್ಲ, ಅಂಥವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಹನ್ನೊಂದು ಸಲ ವರ್ಕ್‌ಶಾಪಿಗೆ ಹೋಗಿದ್ದ. ಹೋದಾಗಲೆಲ್ಲ ಗೇಟಿನಲ್ಲಿ ಕೊಡುವ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದ, ತಾರೀಖು, ಹೊತ್ತು, ಮೊಹರು ಎಲ್ಲ ಇದ್ದ ಚೀಟಿ. ಒಳಗೆ ಗಿರಾಕಿಗಳನ್ನು ಕೂರಿಸುವ ಕೋಣೆಯಲ್ಲಿ ತಣ್ಣನೆಯ ಗಾಳಿ, ಮೀನಿನ ತೊಟ್ಟಿ, ಗೋಡೆಯ ಟೀವಿಯಲ್ಲಿ ಅದೇ ಕಾರು ಬೆಟ್ಟದ ತಿರುವುಗಳಲ್ಲಿ ಜಗ್ಗನೆ ದೀಪ ಹಚ್ಚಿಕೊಂಡು ಓಡುವ ಜಾಹೀರಾತು. ಅರ್ಧ ಗಂಟೆ ಅದನ್ನೇ ನೋಡುತ್ತ ಕೂತ ಮೇಲೆ ಇಸ್ತ್ರಿ ಅಂಗಿಯವನೊಬ್ಬ ಬಂದು ಹಲ್ಲು ಕಿರಿಯುತ್ತಿದ್ದ. “ಪಾರ್ಟ್ ಇನ್ನೂ ಬಂದಿಲ್ಲ ಸಾರ್. ಬಂದ ತಕ್ಷಣ ಫಸ್ಟ್ ನಿಮ್ಗೇ ಫೋನು.” ಫೋನೇನೋ ಬರುತ್ತಿತ್ತು. ನಮ್ಮ ಸೇವೆಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುವುದಕ್ಕೆ.

ಇದೆಲ್ಲ ಬೇರೆ ಯಾರೋ ಮಾಡಿದ್ದರೆ ಬೈದು ಸುಮ್ಮನಾಗಬಹುದಿತ್ತು. ಆ ವರ್ಕ್‌ಶಾಪಿನ ಮ್ಯಾನೇಜರು ಅವನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಆ ಕಾರನ್ನು ತೆಗೆಸಿಕೊಟ್ಟವನೂ ಅವನೇ. “ಕಣ್ಣು ಮುಚ್ಕೊಂಡು ತಗೊಳ್ರೀ, ನಾನಿಲ್ವಾ? ನನ್ನ ಹತ್ರಾನೂ ಇದೇ ಗಾಡಿ” ಎಂದು ಬೆನ್ನು ತಟ್ಟಿದ್ದ. ಕಾಗದ ತಿರುವುವಾಗ ನಾಲಿಗೆಗೆ ಬೆರಳು ಅದ್ದುವ ಮನುಷ್ಯ, ಮಾತಿಗೆ ಮೊದಲು ನಗುವ ಮನುಷ್ಯ. ಆ ಎಂಜಲು ಬೆರಳು ತನ್ನ ಗಾಡಿಯ ಕಾಗದಗಳ ಮೇಲೆ ಓಡಾಡುವುದನ್ನು ನೋಡಿದಾಗಲೆಲ್ಲ ಭೂತಗನ್ನಡಿಗೆ ಮನೆಗೆ ಹೋಗಿ ಕೈ ತೊಳೆದುಕೊಳ್ಳಬೇಕು ಅನಿಸುತ್ತಿತ್ತು.

ರೀಕಾಲಿನ ಆರನೇ ತಿಂಗಳಲ್ಲಿ ಡಬ್ಬಿಗಳು ಬಂದಿದ್ದವು, ಒಂದಲ್ಲ ಎರಡಲ್ಲ, ಆರು. ಐದು ಯಾರ್‍ಯಾರೋ ದೊಡ್ಡವರ ಗಾಡಿಗೆ ಹೋದವು. ಆರನೆಯದನ್ನು ಷಡ್ಡಕ ತನ್ನ ಸ್ವಂತ ಗಾಡಿಗೆ ಹಾಕಿಸಿಕೊಂಡ. ಇದನ್ನು ಬಾಯಿ ತಪ್ಪಿ ಹೇಳಿದವನು ಅಲ್ಲಿನ ಮೆಕ್ಯಾನಿಕ್. ಆರು ಬಂದಿದ್ದು ಸೋಮವಾರ. ಬುಧವಾರ ಅವನು ಹೋಗಿ ಕೇಳಿದಾಗಲೂ ಅದೇ ಇಸ್ತ್ರಿ ಅಂಗಿ, ಅದೇ ಹಲ್ಲು, ‘ಪಾರ್ಟ್ ಇನ್ನೂ ಬಂದಿಲ್ಲ ಸಾರ್.’

ಮುಂದಿನ ತಿಂಗಳೇ ಅದು ನಡೆದದ್ದು. ಹೆಂಡತಿಯನ್ನು ಕೆಲಸದಿಂದ ಕರೆದುಕೊಂಡು ಬರುತ್ತಿದ್ದ, ಸೇತುವೆ ದಾಟಿದ ಮೇಲಿನ ತಿರುವಿನಲ್ಲಿ ಎರಡೂ ದೀಪ ಫಕ್ಕನೆ ಆರಿದವು. ಮುಂದೆ ಏನಿದೆ ಎಂದೇ ಕಾಣಲಿಲ್ಲ. ಗಾಡಿ ಮೋರಿಯ ಕಟ್ಟೆಗೆ ಗುದ್ದಿತು. ಅವನಿಗೆ ತರಚು ಗಾಯ. ಹೆಂಡತಿಯ ಬಲ ಮಣಿಕಟ್ಟು ನುಜ್ಜುಗುಜ್ಜಾಯಿತು. ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್, ಮೂವತ್ತು ಪದರ ಬಟ್ಟೆಯನ್ನು ಒಂದೇ ಏಟಿಗೆ ಗೆರೆ ತಪ್ಪದೆ ಕತ್ತರಿಸುತ್ತಿದ್ದವಳು. ಈಗ ಎಡಗೈಯಲ್ಲಿ ಕಾಫಿ ಲೋಟ ಹಿಡಿಯುತ್ತಾಳೆ, ಅದೂ ತುಳುಕುತ್ತದೆ. ತುಳುಕಿದಾಗ ಅವನು ನೋಡಲಿಲ್ಲವೆಂಬಂತೆ ಮುಖ ತಿರುಗಿಸುತ್ತಾನೆ, ಅವಳು ಅವನು ನೋಡಿಲ್ಲವೆಂಬಂತೆ ಒರೆಸಿಕೊಳ್ಳುತ್ತಾಳೆ.

ದೂರು ಕೊಟ್ಟ. ಕಂಪನಿಯಿಂದ ಉತ್ತರ ಬಂತು, ಅದರ ಜೊತೆ ವರ್ಕ್‌ಶಾಪಿನ ಹೇಳಿಕೆಯೊಂದು. ‘ಗ್ರಾಹಕರಿಗೆ ಮೂರು ಬಾರಿ ಕರೆ ಮಾಡಿ ತಿಳಿಸಿದಾಗ್ಯೂ ವಾಹನವನ್ನು ತಂದಿರುವುದಿಲ್ಲ. ನಿರ್ಲಕ್ಷ್ಯವು ಗ್ರಾಹಕರದ್ದೇ ಆಗಿರುತ್ತದೆ.’ ಕೆಳಗೆ ಷಡ್ಡಕನ ದುಂಡನೆಯ ಸಹಿ. ಅವನು ಅವತ್ತೇ ಹೋಗಿ ಮೇಜಿನ ಮೇಲೆ ಅದನ್ನು ಬಡಿದಿದ್ದ. ಷಡ್ಡಕ ನಾಲಿಗೆಗೆ ಬೆರಳು ಅದ್ದಿ ಏನೋ ಕಾಗದ ತಿರುವಿದ, ತಲೆ ಎತ್ತಲಿಲ್ಲ. “ಮೇಲಿನವ್ರು ಬರ್ಕೊಂಡು ತಂದಿದ್ರು, ನಾನು ಸೈನ್ ಹಾಕ್ದೆ ಅಷ್ಟೆ. ನನಗೂ ಹೊಟ್ಟೆಪಾಡಲ್ವಾ? ಮನೆಯವ್ರೇ ಹೀಗೆ ಮೇಲೆ ಬಿದ್ರೆ ಹೆಂಗೆ ಹೇಳಿ.”

ಮನೆಯವರು! ಹೆಂಡತಿಯ ಕೈ ಹಾಳಾದದ್ದಕ್ಕಿಂತ ಆ ಒಂದು ಮಾತೇ ಅವನನ್ನು ಹೆಚ್ಚು ಸುಟ್ಟಿತು. ಆರು ವಾರ ಷಡ್ಡಕನ ಮನೆ ಕಡೆ ತಲೆ ಹಾಕಲಿಲ್ಲ. ಏಳನೇ ವಾರ, ಒಂದು ಭಾನುವಾರ, ಫೈಲು ಬಿಚ್ಚಿಕೊಂಡು ಕೂತಿದ್ದಾಗ ಅವನಿಗೆ ಹೊಳೆಯಿತು. ಇಷ್ಟು ದಿನ ಅವನು ಇದನ್ನು ತನ್ನ ಗೋಳಿನ ಫೈಲು ಅಂದುಕೊಂಡಿದ್ದ. ತಲೆಕೆಳಗು ಮಾಡಿ ನೋಡಿದರೆ ಇದು ಪರವಾನಗಿ. ಈ ಗಾಡಿಯ ದೀಪ ಯಾವ ಗಳಿಗೆಯಲ್ಲಾದರೂ ಆರಬಹುದು ಎಂದು ಕಂಪನಿಯೇ ನಾಲ್ಕು ಸಲ ಬರೆದುಕೊಟ್ಟಿದೆ. ಸರಿಮಾಡಿಕೊಡಿ ಎಂದು ಅವನು ಹನ್ನೊಂದು ಸಲ ಗೋಗರೆದದ್ದಕ್ಕೆ ಮೊಹರಿದೆ. ಒಮ್ಮೆ ಆರಿ ಅನಾಹುತವಾದದ್ದಕ್ಕೆ ಆಸ್ಪತ್ರೆಯ ಕಾಗದವಿದೆ. ನಾಳೆ ಇನ್ನೊಮ್ಮೆ ಆರಿದರೆ, ಎದುರಿಗೆ ಯಾರೋ ಇದ್ದರೆ, ಆ ಯಾರೋ ಅದೇ ವರ್ಕ್‌ಶಾಪಿನ ಮ್ಯಾನೇಜರಾಗಿದ್ದರೆ, ಅಯ್ಯೋ ಪಾಪ, ಮಾಡಿದ್ದುಣ್ಣೋ ಅನ್ನುತ್ತಾರೆ ಜನ. ಅವನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. ತಿಂಗಳುಗಟ್ಟಲೆ ಆದಮೇಲೆ ಅವತ್ತು ಹೊಟ್ಟೆ ತುಂಬ ಊಟ ಮಾಡಿದ.

ಅವನು ಆತುರ ಬೀಳುವ ಪೈಕಿ ಅಲ್ಲ. ಮೊದಲು ಜಗಳ ಅಳಿಸಬೇಕು. ಮಾತು ಬಿಟ್ಟವನು ಗುದ್ದಿದರೆ ಊರೇ ಬೆರಳು ತೋರಿಸುತ್ತದೆ. ಹೆಂಡತಿಯನ್ನು ಕರೆದುಕೊಂಡು, ಒಂದು ಬುಟ್ಟಿ ಹಣ್ಣು ಹಿಡಿದು ಷಡ್ಡಕನ ಮನೆಗೆ ಹೋದ. ಬಾಗಿಲು ತೆಗೆದದ್ದು ಷಡ್ಡಕನೇ. “ಆಗಿದ್ದು ಆಯ್ತು ಬಿಡಿ, ನಾವು ನಾವೇ ಮುಖ ತಿರುಗಿಸ್ಕೊಂಡು ಎಷ್ಟು ದಿನ ಅಂತ ಇರೋದು” ಎಂದು ಇವನು ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದನ್ನು ಒಪ್ಪಿಸಿದ. ಷಡ್ಡಕ ಅವನ ಎರಡೂ ಕೈ ಹಿಡಿದುಕೊಂಡುಬಿಟ್ಟ, ಬೆವತ ಮೆತ್ತನೆಯ ಅಂಗೈ, ಕಣ್ಣಲ್ಲಿ ನೀರು ಬೇರೆ. “ನಿಮ್ಮಷ್ಟು ದೊಡ್ಡ ಮನಸ್ಸು ನನಗಿಲ್ಲ ಕಣ್ರೀ. ನಿಮ್ಮ ಮನೆಯವ್ರ ಕೈ ನೋಡಿದ್ರೆ ನನಗೆ ಅನ್ನ ಇಳಿಯಲ್ಲ.” ಇಳಿಯದ ಅನ್ನವನ್ನು ಎರಡು ಸಲ ಬಡಿಸಿಕೊಂಡು ಉಂಡದ್ದನ್ನು ಭೂತಗನ್ನಡಿ ಎದುರಿಗೇ ಕೂತು ನೋಡಿದ. ಅಕ್ಕತಂಗಿಯರು ಅಡುಗೆಮನೆಯಲ್ಲಿ ಒಬ್ಬರ ಭುಜಕ್ಕೊಬ್ಬರು ಒರಗಿ ಅತ್ತರು. ಮನೆಗೆ ಬಂದವನೇ ಅವನು ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡ.

ಅದಾದ ಒಂದು ವಾರಕ್ಕೆ, ಅವನು ಕೆಲಸಕ್ಕೆ ಹೋಗಿದ್ದಾಗ, ಹೆಂಡತಿ ಗಾಡಿಯನ್ನು ವರ್ಷದ ಸರ್ವೀಸಿಗೆ ಕಳಿಸಿದ್ದಳು. ವರ್ಕ್‌ಶಾಪಿನ ಡ್ರೈವರೇ ಬಂದು ಒಯ್ದು, ಸಂಜೆಯೊಳಗೆ ತೊಳೆದು ಹೊಳಪು ಮಾಡಿ ತಂದುಬಿಟ್ಟಿದ್ದ. ಮನೆಗೆ ಬಂದ ಅವನು ಚಪ್ಪಲಿಯನ್ನೂ ಬಿಡಲಿಲ್ಲ. ಇಷ್ಟು ದಿನ ಹಾಕದ ಡಬ್ಬಿಯನ್ನು ಈಗೇನಾದರೂ ಹಾಕಿಬಿಟ್ಟಿದ್ದರೆ? ಬಿಲ್ಲು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋಗಿ ಸಾಲು ಸಾಲಾಗಿ ಓದಿದ. ಆಯಿಲ್ ಬದಲಾಯಿಸಿದೆ, ಬ್ರೇಕ್ ನೋಡಿದೆ, ಚಕ್ರಕ್ಕೆ ಗಾಳಿ ಹಾಕಿದೆ, ಒಳಗೆ ಸುಗಂಧ ಸಿಂಪಡಿಸಿದೆ. ಹೆಡ್‌ಲೈಟಿನ ಹೆಸರೇ ಇಲ್ಲ. ಕೊನೆಯಲ್ಲಿ ‘ರೀಕಾಲ್ ಕೆಲಸ ಬಾಕಿ: ಒಂದು’ ಎಂದು ಅವರೇ ಅಚ್ಚು ಹಾಕಿ ಕೊಟ್ಟಿದ್ದರು.

“ಸುಗಂಧ ಹೊಡೀತಾರಂತೆ, ಸುಗಂಧ! ಹೆಣಕ್ಕೆ ಹೊಡೆದ ಹಾಗೆ” ಎಂದು ಅವನು ಹೆಂಡತಿಯ ಎದುರು ರೇಗಾಡಿದ. ಅವಳು ಏನೋ ಹೇಳುವುದಕ್ಕೆ ಬಾಯಿ ತೆರೆದು, “ಹೋಗಲಿ ಬಿಡಿ ರೀ” ಎಂದು ಒಳಗೆ ಹೋದಳು. ಅವನಿಗೆ ಒಳಗೊಳಗೇ ಖುಷಿ. ಹನ್ನೊಂದು ಚೀಟಿಯ ಜೊತೆ ಹನ್ನೆರಡನೆಯ ಕಾಗದವನ್ನು ಫೈಲಿಗೆ ಸೇರಿಸಿದ.

ಉಳಿದದ್ದು ಒಂದೇ ತೊಡಕು. ಷಡ್ಡಕ ಹೊಟ್ಟೆ ಹೊತ್ತ ಮನುಷ್ಯ, ಪಕ್ಕದ ಬೀದಿಗೂ ಗಾಡಿಯಲ್ಲೇ ಹೋಗುವವನು. ಅವನನ್ನು ಕಾಲ್ನಡಿಗೆಯಲ್ಲಿ ರಸ್ತೆಗೆ ಇಳಿಸುವುದು ಹೇಗೆ? ವಾರಗಟ್ಟಲೆ ಯೋಚಿಸಬೇಕಾದೀತು ಅಂದುಕೊಂಡಿದ್ದ, ಆದರೆ ದೇವರೇ ಕೈಗೆ ತಂದುಕೊಟ್ಟ. ಮುಂದಿನ ಭಾನುವಾರ ಷಡ್ಡಕನ ಮನೆಗೆ ಹೋದಾಗ ಕಾರಿಗೆ ಹೊದಿಕೆ ಹಾಕಿ ನಿಲ್ಲಿಸಿತ್ತು. “ಬೆಳಿಗ್ಗೆ ಬಸ್ಸು, ಸಂಜೆ ನಡಿಗೆ. ಡಾಕ್ಟ್ರು ಬೈದ್ರು ಕಣ್ರೀ, ಹೊಟ್ಟೆ ಇಳಿಸು ಅಂತ” ಎಂದು ಷಡ್ಡಕ ಹೊಟ್ಟೆಯ ಮೇಲೆ ತಬಲಾ ಬಾರಿಸಿ ನಕ್ಕ. ಅವನ ಹೆಂಡತಿ ನಗಲಿಲ್ಲ, ಲೋಟ ಎತ್ತಿಕೊಂಡು ಒಳಗೆ ಹೋದಳು. ಸೋಮಾರಿಗೆ ಈ ವಯಸ್ಸಿನಲ್ಲಿ ಬದುಕುವ ಆಸೆ ಹುಟ್ಟಿದೆ, ಎಂದುಕೊಂಡ ಭೂತಗನ್ನಡಿ, ಮತ್ತು ಒಳ್ಳೆಯದು ಒಳ್ಳೆಯದು ಎಂದು ತಲೆಯಾಡಿಸಿದ.

ಆಮೇಲಿನ ಎರಡು ವಾರ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ. ವರ್ಕ್‌ಶಾಪು ಮುಚ್ಚುವುದು ಆರೂವರೆಗೆ. ಷಡ್ಡಕ ಹೊರಡುವುದು ಆರು ನಲವತ್ತಕ್ಕೆ, ಉಗ್ರಾಣದ ಉದ್ದ ಗೋಡೆಯ ಪಕ್ಕದ ರಸ್ತೆಗೆ ಬರುವುದು ಆರು ಐವತ್ತಕ್ಕೆ. ಅಲ್ಲಿ ಬೀದಿದೀಪವಿಲ್ಲ, ಪಾದಚಾರಿ ಕಟ್ಟೆಯಿಲ್ಲ, ಅಂಗಡಿಯಿಲ್ಲ. ಗೋಡೆಗೆ ಅಂಟಿಕೊಂಡೇ ನಡೆಯುತ್ತಾನೆ, ಕಡುನೀಲಿ ಸಮವಸ್ತ್ರ, ಕೈಯಲ್ಲಿ ಊಟದ ಡಬ್ಬಿ. ಬಾಟಲಿ ಕಾರ್ಖಾನೆಯ ಕೆಲಸ ಬಿಡುವುದು ಆರಕ್ಕೆ, ಇನ್ನೂ ಬೆಳಕಿರುತ್ತದೆ. ಆದರೆ ಮನೆಗೆ ಹೋಗುವ ದಾರಿಯಲ್ಲಿ, ಈ ರಸ್ತೆಗೆ ಬರುವ ಮೊದಲು, ರೈಲ್ವೆ ಗೇಟಿದೆ, ಆರು ಇಪ್ಪತ್ತರ ಗೂಡ್ಸಿಗೆ ದಿನವೂ ಇಪ್ಪತ್ತು ನಿಮಿಷ ಹಾಕುತ್ತಾರೆ. ‘ಬೆಳಕಿರುವಾಗಲೇ ಹೊರಟಿದ್ದೆ ಸಾರ್, ಗೇಟ್ ಹಾಕಿಬಿಟ್ಟಿತು, ಅಷ್ಟರಲ್ಲಿ ಕತ್ತಲಾಯಿತು’ ಅಂದರೆ ಗೇಟಿನವನೇ ಸಾಕ್ಷಿ. ಬಹಳವೆಂದರೆ ನಿರ್ಲಕ್ಷ್ಯ ಅಂತ ಕೇಸು ಹಾಕುತ್ತಾರೆ. ಅದನ್ನು ಕಂಪನಿಯ ತಲೆಗೆ ಕಟ್ಟುವುದಕ್ಕೆ ಫೈಲಿದೆ.

ಮೂರು ಸಂಜೆ ಆ ರಸ್ತೆಯಲ್ಲಿ ದೀಪ ಹಚ್ಚಿಕೊಂಡು ಅಭ್ಯಾಸಕ್ಕೆ ಓಡಿಸಿದ. ಡಬ್ಬಿ ತಾನಾಗಿಯೇ ಕೈಕೊಟ್ಟರೆ ಒಳ್ಳೆಯದೇ ಅಂತ ಒಂದು ಆಸೆಯಿತ್ತು. ಊಹೂಂ. ಎರಡೂ ದೀಪ ಮದುವೆಮನೆಯ ಹಾಗೆ ಝಗಝಗ ಉರಿದವು, ಹಳ್ಳಕ್ಕೆ ಇಳಿಸಿದರೂ ಮಿಣಕ್ ಅನ್ನಲಿಲ್ಲ. ಚಳಿಗೆ ಡಬ್ಬಿ ಬಿಸಿಯಾಗುತ್ತಿಲ್ಲ ಅಂದುಕೊಂಡ. ಬೇಡವಾದಾಗ ಕೆಟ್ಟು ಹೆಂಡತಿಯ ಕೈ ತಿಂದಿತು, ಬೇಕಾದಾಗ ಹರಿಶ್ಚಂದ್ರನ ಹಾಗೆ ಉರಿಯುತ್ತಿದೆ. ಈ ದರಿದ್ರದ ಕಂಪನಿಯ ಮಾಲಿಗೆ ಕೆಡುವುದರಲ್ಲೂ ನಿಯತ್ತಿಲ್ಲ. ಇರಲಿ, ಆರಿಸುವುದಕ್ಕೆ ಸ್ವಿಚ್ಚಿದೆ. ಒಂದು ಬೆರಳಿನ ಕೆಲಸ.

ಶುಕ್ರವಾರ ಎಲ್ಲ ಗಡಿಯಾರದ ಹಾಗೆ ನಡೆಯಿತು. ಗೇಟಿನಲ್ಲಿ ಇಳಿದು, ಗೇಟಿನವನ ಹತ್ತಿರ “ಏನಪ್ಪಾ, ಇವತ್ತೂ ಕತ್ತಲು ಮಾಡಿಬಿಟ್ಯಲ್ಲ, ನನ್ನ ಗಾಡಿ ಲೈಟು ಬೇರೆ ಸರಿಯಿಲ್ಲ” ಎಂದು ಗೊಣಗಿದ. ಗೋಡೆಯ ಪಕ್ಕದ ರಸ್ತೆಗೆ ತಿರುಗಿದಾಗ ಬೆಳಕಿನ ತುದಿಯಲ್ಲಿ ಆ ಅಗಲ ಬೆನ್ನು ಕಂಡಿತು. ಷಡ್ಡಕ ತಿರುಗಿ ನೋಡಿದ. ಕಣ್ಣಿಗೆ ಕೈ ಅಡ್ಡ ಹಿಡಿದು, ಗಾಡಿಯ ಗುರುತು ಸಿಕ್ಕವನ ಹಾಗೆ ಆ ದೀಪಗಳನ್ನೇ ನೋಡುತ್ತ ನಿಂತ, ಮುಖದ ತುಂಬ ನಗು. ಆ ನಗುವನ್ನು ಇನ್ನೊಂದು ಗಳಿಗೆ ನೋಡುವುದಕ್ಕೂ ಅಸಹ್ಯವಾಯಿತು. ಬೆರಳು ಸ್ವಿಚ್ಚು ತಿರುವಿತು, ಕಾಲು ಅದುಮಿತು. ಕತ್ತಲಲ್ಲಿ ಒಂದು ಮೆತ್ತನೆಯ ಗುದ್ದು, ಆಮೇಲೆ ಊಟದ ಡಬ್ಬಿ ಉರುಳಿ ಉರುಳಿ ಎಲ್ಲೋ ನಿಂತ ಸದ್ದು. ಅವನು ಇಂಜಿನ್ ನಿಲ್ಲಿಸಿ, ಸ್ವಿಚ್ಚು ಮೊದಲಿದ್ದಲ್ಲಿಗೆ ತಿರುಗಿಸಿ, ಇಳಿದು, ರಸ್ತೆಯ ಬದಿಗೆ ವಾಂತಿ ಮಾಡಿಕೊಂಡ. ಅದು ನಾಟಕವಾಗಿರಲಿಲ್ಲ. ಆಮೇಲೆ ಬೊಬ್ಬೆ ಹಾಕಿದ್ದು, ಆಂಬುಲೆನ್ಸಿಗೆ ಫೋನು ಮಾಡಿದ್ದು, ಆಸ್ಪತ್ರೆಯ ಗೋಡೆಗೆ ತಲೆ ಚಚ್ಚಿಕೊಂಡದ್ದು ನಾಟಕ. ಷಡ್ಡಕ ದಾರಿಯಲ್ಲೇ ತೀರಿಕೊಂಡಿದ್ದ. ಯಾರೂ ಅನುಮಾನಪಡಲಿಲ್ಲ. “ಹಾಳು ಕಂಪನಿ” ಎಂದರು ನೆಂಟರು, “ಎರಡನೇ ಸಲ ನೋಡಿ.”

ಮಾರನೆಯ ಬೆಳಿಗ್ಗೆ ಪೊಲೀಸ್ ಅಧಿಕಾರಿ ಮನೆಗೆ ಬಂದ. ನೆಗಡಿ ಹಿಡಿದ ಮನುಷ್ಯ, ಎರಡು ಮಾತಿಗೊಮ್ಮೆ ಮೂಗು ಸೀಟಿ ಕರವಸ್ತ್ರ ಬಿಚ್ಚಿ ನೋಡಿಕೊಳ್ಳುತ್ತಿದ್ದ. ಭೂತಗನ್ನಡಿ ಅಸಹ್ಯ ನುಂಗಿಕೊಂಡು ಫೈಲನ್ನು ಅವನ ಮಡಿಲಿಗೆ ಇಟ್ಟ. ನಾಲ್ಕು ಕಾಗದ, ಹನ್ನೊಂದು ಚೀಟಿ, ಸರ್ವೀಸಿನ ಬಿಲ್ಲು, ಆಸ್ಪತ್ರೆಯ ವರದಿ. ಅಧಿಕಾರಿ ಒಂದೊಂದೇ ತಿರುವುತ್ತ ತ್ಚು ತ್ಚು ಅಂದ.

“ನಮ್ಮನೇಲೂ ಇದೇ ಗಾಡಿ ಇತ್ತು ಸಾರ್. ಸಾಕಾಗಿ ಮಾರಿಬಿಟ್ಟೆ” ಎಂದ. “ಪಾಪ, ನಿಮ್ಮ ಕೈಯಿಂದ್ಲೇ ಹೀಗಾಗ್ಬೇಕಾ. ಸುಮ್ನೆ ಒಂದು ಫಾರ್ಮಾಲಿಟಿ, ನಿಮ್ಮ ಮನೆಯವ್ರ ಹತ್ರ ಒಂದು ಮಾತು ಕೇಳಿ ಬರ್ಕೊಂಡ್ಬಿಡ್ತೀನಿ.”

“ಕೇಳಿ ಸಾರ್, ಧಾರಾಳವಾಗಿ ಕೇಳಿ” ಎಂದ ಅವನು. ಇದನ್ನೂ ಅವನು ಲೆಕ್ಕ ಹಾಕಿಟ್ಟಿದ್ದ. ಆ ಮಣಿಕಟ್ಟಿಗಿಂತ ದೊಡ್ಡ ಸಾಕ್ಷಿ ಯಾವುದಿದೆ? ಅಕ್ಕನ ಮನೆಯಲ್ಲಿ ಬೆಳಗಾಗುವವರೆಗೂ ಅತ್ತು ಆಗಷ್ಟೇ ಬಂದಿದ್ದ ಹೆಂಡತಿಯನ್ನು ಅವನೇ ಕೂಗಿದ. “ಬಾರೇ ಇಲ್ಲಿ. ನಮ್ಮ ಗಾಡಿ ದೀಪದ ಹಣೆಬರಹ ಏನು ಅಂತ ಸಾಹೇಬ್ರಿಗೆ ಹೇಳು.”

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕಣ್ಣು ಊದಿ ಮುಖವೇ ಬೇರೆಯಾಗಿತ್ತು. “ಅದೇ ನನಗೂ ಅರ್ಥ ಆಗ್ತಿಲ್ಲ ಸಾರ್” ಎಂದಳು. “ದೀಪ ಸರಿಯಾಗಿ ಇಪ್ಪತ್ತು ದಿನ ಆಯ್ತಲ್ಲ. ಪಾರ್ಟ್ ಈ ಜನ್ಮದಲ್ಲಿ ಬರಲ್ಲ ಅಂತ ನಮ್ಮ ಭಾವ ತಮ್ಮ ಗಾಡೀದೇ ಬಿಚ್ಚಿ, ತಾವೇ ನಿಂತು ನಮ್ಮದಕ್ಕೆ ಹಾಕಿಕೊಟ್ರು. ಕಂಪನಿಗೆ ಗೊತ್ತಾದ್ರೆ ಕೆಲ್ಸ ಹೋಗುತ್ತೆ ಅಂತ ಬಿಲ್ಲಲ್ಲಿ ಬರೀಲಿಲ್ಲ. ಇವ್ರಿಗೂ ಹೇಳ್ಬೇಡಿ, ಅವನ ಭಿಕ್ಷೆ ಬೇಡ ಅಂತ ಕಿತ್ತು ಬಿಸಾಕ್ತಾರೆ ಅಂದ್ರು, ಅಕ್ಕನೂ ನಾನೂ ಸುಮ್ನಿದ್ವಿ.” ಅಧಿಕಾರಿಯ ಕರವಸ್ತ್ರ ಮೂಗಿನ ಹತ್ತಿರವೇ ನಿಂತಿತು. ಅವಳು ಎಡಗೈಯಿಂದ ಕಣ್ಣು ಒರೆಸಿಕೊಂಡು ಗಂಡನ ಕಡೆ ತಿರುಗಿದಳು. “ಡಾಕ್ಟ್ರೂ ಇಲ್ಲ, ಹೊಟ್ಟೇನೂ ಇಲ್ಲ ರೀ. ಅವ್ರ ಗಾಡೀಲಿ ದೀಪಾನೇ ಇರ್ಲಿಲ್ಲ, ಅದಕ್ಕೇ ಅವ್ರು ದಿನಾ ಸಂಜೆ ನಡ್ಕೊಂಡು ಹೋಗ್ತಿದ್ದಿದ್ದು.”